ತೊಗಲುಗೊಂಬೆಯಾಟವನ್ನು ವಿಡಿಯೊದಲ್ಲಿ ದಾಖಲಿಸುವುದು ಹೇಗೆ: ಚರ್ಮದಿಂದ ಪರದೆಯವರೆಗೆ

ಚರ್ಮದ ಗೊಂಬೆಗಳನ್ನು ಬೆಳಕಿಗೆ ಹಿಡಿದು ಪರದೆಯ ಮೇಲೆ ಕಥೆ ಆಡಿಸುವುದು ತೊಗಲುಗೊಂಬೆಯಾಟ. ಆ ಹೆಸರನ್ನು ಯೂಟ್ಯೂಬ್‌ನಲ್ಲಿ ಹುಡುಕಿದರೆ ವಿಡಿಯೊಗಳಿಗೇನೂ ಬರ ಇಲ್ಲ. ಹೆಚ್ಚಿನವು ಮೂರು ನಾಲ್ಕು ನಿಮಿಷದವು. ಹಿಂದೆ ಎಲ್ಲಿಂದಲೋ ತಂದ ಕೊಳಲು, ಮೇಲೆ ಒಬ್ಬರ ವಿವರಣೆ, ಮಧ್ಯೆ ರಾವಣನ ಗೊಂಬೆಯ ಒಂದು ಕ್ಲೋಸಪ್. ನೋಡಲು ಚೆನ್ನಾಗಿಯೇ ಇರುತ್ತವೆ. ಆದರೆ ಅದನ್ನು ನೋಡಿಕೊಂಡು ಯಾರಾದರೂ ಒಂದು ಗೊಂಬೆ ಕೊರೆಯಬಹುದಾ? ಆಟದ ಒಂದು ಪದವನ್ನು, ಅಂದರೆ ಹಾಡನ್ನು, ಪೂರ್ತಿ ಕಲಿಯಬಹುದಾ? ಆಗುವುದಿಲ್ಲ.

ಈ ಬರಹ ಬೇರೆ ಥರದ ವಿಡಿಯೊ ಬಗ್ಗೆ. ಮೂವತ್ತು ವರ್ಷ ಕಳೆದ ಮೇಲೆ ಅದೇ ಕಲಾವಿದರ ಮೊಮ್ಮಗಳು ಕೂತು ನೋಡಬೇಕು. ಅಜ್ಜಿ ಉಳಿಯನ್ನು ಯಾವ ಕೋನದಲ್ಲಿ ಹಿಡಿಯುತ್ತಿದ್ದಳು, ಯುದ್ಧದ ದೃಶ್ಯದಲ್ಲಿ ಕಾಲಿನಿಂದ ಸದ್ದು ಹೇಗೆ ಮಾಡುತ್ತಿದ್ದಳು ಅಂತ ಅವಳಿಗೆ ಗೊತ್ತಾಗಬೇಕು. ಶೂಟಿಂಗ್‌ನಲ್ಲಿ ಏನೇ ಗೊಂದಲ ಬಂದರೂ ಆ ಹುಡುಗಿಯನ್ನು ನೆನಪಿಸಿಕೊಳ್ಳಿ. ಕ್ಯಾಮೆರಾ ಎಲ್ಲಿಡಬೇಕು, ಎಷ್ಟು ಹೊತ್ತು ಓಡಿಸಬೇಕು ಅನ್ನುವುದು ತಾನಾಗಿ ತಿಳಿಯುತ್ತದೆ.

ತೊಗಲುಗೊಂಬೆಯನ್ನೇ ಉದಾಹರಣೆಗೆ ಆರಿಸಿದ್ದಕ್ಕೆ ಕಾರಣ ಇದೆ. ಅದರಲ್ಲಿ ಕೈಕಸುಬೂ ಇದೆ, ಆಟವೂ ಇದೆ. ಒಂದೇ ಮನೆಯವರು ಚರ್ಮ ಹದ ಮಾಡುತ್ತಾರೆ, ಕೊರೆಯುತ್ತಾರೆ, ಬಣ್ಣ ಹಾಕುತ್ತಾರೆ, ರಾತ್ರಿ ಕೂತು ಕಥೆ ಹಾಡುತ್ತಾರೆ. ಇದನ್ನು ಸರಿಯಾಗಿ ದಾಖಲಿಸಲು ಕಲಿತವರಿಗೆ ಕಂಸಾಳೆ, ಡೊಳ್ಳು, ಕಿನ್ನಾಳದ ಗೊಂಬೆ, ಇಳಕಲ್ ಮಗ್ಗ ಯಾವುದೂ ಕಷ್ಟ ಆಗುವುದಿಲ್ಲ. ಕೊಪ್ಪಳ ಜಿಲ್ಲೆ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ಸ್ವಾತಂತ್ರ್ಯ ಹೋರಾಟದ ಕಥೆಯನ್ನೂ ಗೊಂಬೆಗಳಿಂದ ಆಡಿಸಿದ ಬಳ್ಳಾರಿಯ ಬೆಳಗಲ್ಲು ವೀರಣ್ಣ 2023ರಲ್ಲಿ ತೀರಿಕೊಂಡರು. ಹಿರಿಯರು ಇರುವಾಗಲೇ ಈ ಕೆಲಸ ಆಗಬೇಕು.

ಹಂತ 1: ಮೊದಲ ಸಲ ಕ್ಯಾಮೆರಾ ಇಲ್ಲದೆ ಹೋಗಿ

ಹೋಗುವ ಮೊದಲು ಸ್ವಲ್ಪ ಓಡಾಡಿ. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ಹಳೆಯ ತೊಗಲುಗೊಂಬೆಗಳ ಸಂಗ್ರಹ ಇದೆ. ರಾಮನಗರದ ಹತ್ತಿರ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕ ಇದೆ. ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯ ಇದೆ. ಗೊಂಬೆಗಳನ್ನು ಹತ್ತಿರದಿಂದ ನೋಡಿ. ಕೆಲವು ಗೊಂಬೆಗೆ ಕೈಕಾಲು ಬೇರೆ ಬೇರೆ ಮಾಡಿ ದಾರದಿಂದ ಕಟ್ಟಿರುತ್ತಾರೆ. ಕೆಲವದರಲ್ಲಿ ಒಂದೇ ಚರ್ಮದಲ್ಲಿ ಇಡೀ ದೃಶ್ಯ ಕೊರೆದಿರುತ್ತಾರೆ. ದೇವರು, ರಾಜರ ಗೊಂಬೆ ದೊಡ್ಡದು, ಸೇವಕರದ್ದು ಚಿಕ್ಕದು. ಇಷ್ಟು ಕಣ್ಣಿಗೆ ಬಿದ್ದಿದ್ದರೆ ಕಲಾವಿದರ ಮುಂದೆ ಕೂತಾಗ ಕೇಳಲು ಪ್ರಶ್ನೆ ಇರುತ್ತದೆ.

ಮೊದಲ ಭೇಟಿ ಸುಮ್ನೆ ಮಾತಿಗೆ ಇರಲಿ. ಬ್ಯಾಗಿನಲ್ಲಿ ನೋಟ್‌ಬುಕ್ ಸಾಕು. ಮನೆಯಲ್ಲಿ ಯಾರು ಯಾವ ಕೆಲಸ ಮಾಡುತ್ತಾರೆ ಅಂತ ತಿಳಿದುಕೊಳ್ಳಿ. ಹೊರಗಿನವರು ಮನೆಯ ಯಜಮಾನರ ಜೊತೆ ಮಾತ್ರ ಮಾತಾಡಿ ಬಂದುಬಿಡುತ್ತಾರೆ. ಬಣ್ಣ ಹಾಕುವವರು, ಹಾಡುವವರು, ಗೊಂಬೆಗೆ ದಾರ ಕಟ್ಟುವವರು ಹೆಂಗಸರಾಗಿದ್ದರೆ ಅವರ ಮಾತು ದಾಖಲೆಗೇ ಬರುವುದಿಲ್ಲ. ಆ ತಪ್ಪು ಮಾಡಬೇಡಿ.

ಸಮುದಾಯದ ಹೆಸರನ್ನು ಹೇಗೆ ಬರೆಯಬೇಕು ಅಂತ ಅವರನ್ನೇ ಕೇಳಿ. ಕಿಳ್ಳೇಕ್ಯಾತ ಅನ್ನುವುದು ಆಟದಲ್ಲಿ ನಗಿಸುವ ಪಾತ್ರದ ಹೆಸರೂ ಹೌದು, ಈ ಆಟ ಆಡಿಸುವ ಸಮುದಾಯದ ಹೆಸರೂ ಹೌದು. ಕೆಲವರಿಗೆ ಕಿಳ್ಳೇಕ್ಯಾತ ಅನ್ನುವ ರೂಪ ಇಷ್ಟ, ಕೆಲವರಿಗೆ ಶಿಳ್ಳೇಕ್ಯಾತ. ಈ ಮನೆಗಳಲ್ಲಿ ಆಡುವ ಮಾತು ಮರಾಠಿಗೆ ಹತ್ತಿರದ್ದು, ಆಟ ಕನ್ನಡದಲ್ಲಿ. ಹಾಗಾಗಿ ಒಂದೇ ಉಪಕರಣಕ್ಕೆ ಎರಡು ಹೆಸರು ಇರಬಹುದು. ಎರಡನ್ನೂ ಬರೆದುಕೊಳ್ಳಿ.

ಆಮೇಲೆ ಕೆಲಸಕ್ಕೆ ಒಂದು ಗಡಿ ಹಾಕಿಕೊಳ್ಳಿ. ಒಂದು ಮನೆ, ಒಂದು ಗೊಂಬೆ, ಒಂದು ಪ್ರಸಂಗ. ಚರ್ಮದಿಂದ ಶುರುವಾಗಿ ಅದೇ ಗೊಂಬೆ ಪರದೆಯ ಮೇಲೆ ಆಡುವವರೆಗೆ. ಹತ್ತು ಊರು ಸುತ್ತಿ ಹತ್ತು ತುಣುಕು ತರುವುದಕ್ಕಿಂತ ಇದು ಎಷ್ಟೋ ಮೇಲು.

ಕಾಲವನ್ನೂ ನೋಡಿ. ಸುಗ್ಗಿ ಮುಗಿದ ಮೇಲೆ, ಜಾತ್ರೆಗಳ ದಿನಗಳಲ್ಲಿ ಆಟ ಸಿಗುವುದು ಜಾಸ್ತಿ. ಬಿಸಿಲಿದ್ದರೆ ಚರ್ಮ ಒಣಗುವುದೂ ಸುಲಭ. ಮಳೆಗಾಲದಲ್ಲಿ ಹೋದರೆ ಎರಡೂ ಸಿಗದೆ ವಾಪಸ್ ಬರಬೇಕಾಗಬಹುದು. ಆದರೆ ಮಳೆ ಬಾರದಿದ್ದಾಗ ಮಳೆಗಾಗಿಯೇ ಆಟ ಆಡಿಸುವ ಊರುಗಳಿವೆ. ಅಂಥ ಆಟದ ಸುದ್ದಿ ಸಿಕ್ಕರೆ ಬೇರೆ ಕೆಲಸ ಬದಿಗಿಟ್ಟು ಹೊರಡಿ.

ಹಂತ 2: ಒಪ್ಪಿಗೆ ಮತ್ತು ಹಣ

ಒಪ್ಪಿಗೆ ಪತ್ರಕ್ಕೆ ಒಂದು ಸಹಿ ಹಾಕಿಸಿಕೊಂಡರೆ ಆಯಿತು ಅಂದುಕೊಳ್ಳಬೇಡಿ. ನಾಲ್ಕು ಪ್ರಶ್ನೆಗಳನ್ನು ಬಿಡಿಬಿಡಿಯಾಗಿ ಕೇಳಿ. ಚಿತ್ರೀಕರಿಸಬಹುದಾ? ಸಂಗ್ರಹಾಲಯದಲ್ಲಿ ಇಡಬಹುದಾ? ಇಂಟರ್‌ನೆಟ್‌ಗೆ ಹಾಕಬಹುದಾ? ಇದರಿಂದ ಯಾರಾದರೂ ದುಡ್ಡು ಮಾಡಿದರೆ ನಿಮ್ಮ ಪಾಲು ಏನು? ಮೊದಲನೆಯದಕ್ಕೆ ಹೂಂ ಅಂದವರು ಮೂರನೆಯದಕ್ಕೆ ಬೇಡ ಅನ್ನಬಹುದು. ಅದು ಅವರ ಹಕ್ಕು. ಓದಲು ಬಾರದವರಿದ್ದರೆ ಪತ್ರವನ್ನು ಅವರ ಮಾತಿನಲ್ಲೇ ಓದಿ ಹೇಳಿ. ಅವರ ಉತ್ತರವನ್ನು ಕ್ಯಾಮೆರಾದಲ್ಲೇ ದಾಖಲಿಸಿ.

ಕಾನೂನೂ ಅವರ ಕಡೆಗಿದೆ. 1957ರ ಕೃತಿಸ್ವಾಮ್ಯ ಕಾಯ್ದೆ ಪ್ರದರ್ಶಕರು ಯಾರು ಅಂತ ಹೇಳುವಾಗ ಹಾಡುವವರು, ನಟರ ಜೊತೆಗೆ ಹಾವಾಡಿಗರನ್ನೂ ಹೆಸರಿಸುತ್ತದೆ. ಪ್ರದರ್ಶಕರಿಗೆ ತಮ್ಮ ಪ್ರದರ್ಶನದ ಮೇಲೆ 50 ವರ್ಷ ಹಕ್ಕು ಇರುತ್ತದೆ. 2012ರ ತಿದ್ದುಪಡಿಯ ನಂತರ ತಮ್ಮ ಹೆಸರು ಹಾಕಿಸಿಕೊಳ್ಳುವ ಹಕ್ಕೂ ಇದೆ, ಮಾನಕ್ಕೆ ಕುಂದು ಬರುವಂತೆ ತಿರುಚಿದರೆ ತಡೆಯುವ ಹಕ್ಕೂ ಇದೆ. ಕಥೆ ಊರಿನದು, ಹಾಡು ಎಲ್ಲರದು ಅಂತ ಹೇಳಿ ಕಲಾವಿದರ ಹೆಸರು ಬಿಡುವವರಿಗೆ ಇದನ್ನು ನೆನಪಿಸಬೇಕು.

ಹಣದ ವಿಷಯದಲ್ಲಿ ನನ್ನ ಮಾತು ಖಡಾಖಂಡಿತ: ಪುಕ್ಕಟೆ ಶೂಟಿಂಗ್ ಮಾಡಬೇಡಿ. ಗೊಂಬೆ ಮಾಡುವ ದಿನಗಳಿಗೆ ದಿನದ ಕೂಲಿ ಕೊಡಿ. ಆಟಕ್ಕೆ ಅವರು ಬೇರೆ ಕಡೆ ತೆಗೆದುಕೊಳ್ಳುವ ಹಣವನ್ನೇ ಕೊಡಿ. ಚರ್ಮ, ಬಣ್ಣದ ಖರ್ಚು ನಿಮ್ಮದು. ಮೊತ್ತವನ್ನು ಮೊದಲೇ ಮಾತಾಡಿ, ಎಲ್ಲ ಸದಸ್ಯರ ಎದುರಿಗೆ ಕೊಡಿ. ನಿಮ್ಮ ಕ್ಯಾಮೆರಾಗೆ ಬಾಡಿಗೆ ಕೊಡಲು ಹಣ ಇದೆ ಅಂದರೆ ಅವರ ದಿನಕ್ಕೂ ಇರಬೇಕು.

ಇನ್ನೊಂದು ಎಚ್ಚರ. ಹಳೆಯ ಗೊಂಬೆಗಳಲ್ಲಿ ಜಿಂಕೆ ಚರ್ಮದವೂ ಇರುತ್ತವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಅಂಥ ಚರ್ಮದ ವ್ಯವಹಾರ ಅಪರಾಧ. ಈಗ ಗೊಂಬೆಗೆ ಆಡಿನ ಚರ್ಮವೇ ಗತಿ. ತಾತನ ಕಾಲದ ಗೊಂಬೆಯನ್ನು ಪ್ರೀತಿಯಿಂದ ತೆಗೆದು ತೋರಿಸಿದರೆ, ಯಾವ ಚರ್ಮ ಅನ್ನುವುದನ್ನು ಊರು, ಮನೆಯ ವಿಳಾಸದ ಜೊತೆ ನೆಟ್‌ಗೆ ಹಾಕಿ ಅವರನ್ನು ತೊಂದರೆಗೆ ಸಿಕ್ಕಿಸಬೇಡಿ.

ಹಂತ 3: ಸಾಮಾನು

ಇದಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಎರಡು ಒಳ್ಳೆಯ ಮೊಬೈಲ್, ಎರಡು ಟ್ರೈಪಾಡ್, ಒಂದು ಕಾಲರ್ ಮೈಕ್, ಒಂದು ಬೇರೆ ಆಡಿಯೊ ರೆಕಾರ್ಡರ್ ಇದ್ದರೆ ಶುರು ಮಾಡಬಹುದು. ದುಡ್ಡು ಸ್ವಲ್ಪವೇ ಇದ್ದರೆ ಮೊದಲು ಮೈಕಿಗೆ ಹಾಕಿ. ಚಿತ್ರ ಸ್ವಲ್ಪ ಮಂಕಾಗಿದ್ದರೂ ನೋಡಬಹುದು. ಪದ ಕೇಳಿಸದಿದ್ದರೆ ಆ ವಿಡಿಯೊ ಯಾರಿಗೂ ಬೇಡ.

ಮೊಬೈಲಿನ ಮಾಮೂಲಿ ಕ್ಯಾಮೆರಾ ಆ್ಯಪ್ ಬದಲು ಶಟರ್, ಫೋಕಸ್, ವೈಟ್ ಬ್ಯಾಲೆನ್ಸ್‌ಗಳನ್ನು ಕೈಯಲ್ಲೇ ಹೊಂದಿಸಲು ಬರುವ ಆ್ಯಪ್ ಹಾಕಿಕೊಳ್ಳಿ. ಬ್ಲ್ಯಾಕ್‌ಮ್ಯಾಜಿಕ್ ಕ್ಯಾಮೆರಾ ಆ್ಯಪ್ ಪುಕ್ಕಟೆ ಸಿಗುತ್ತದೆ. ಫ್ರೇಮ್ ರೇಟ್ (ಸೆಕೆಂಡಿಗೆ ಎಷ್ಟು ಚಿತ್ರ) 25 ಇಡಿ, ಶಟರ್ 1/50 ಸೆಕೆಂಡ್ ಇಡಿ. ಕಾರಣ ಸರಳ. ನಮ್ಮ ಕರೆಂಟು 50 ಹರ್ಟ್ಸ್. ಬಲ್ಬು ಸೆಕೆಂಡಿಗೆ 100 ಸಲ ಏರಿಳಿಯುತ್ತದೆ. 30 ಫ್ರೇಮ್, 1/60 ಶಟರ್‌ನಲ್ಲಿ ತೆಗೆದರೆ ಪರದೆಯ ಮೇಲೆ ಕಪ್ಪು ಪಟ್ಟಿಗಳು ಹರಿಯುತ್ತವೆ. ಬಲ್ಬಿನ ಬೆಳಕೇ ಮುಖ್ಯವಾದ ಈ ಆಟದಲ್ಲಿ ಆ ಪಟ್ಟಿ ಬಂದರೆ ಆಮೇಲೆ ತೆಗೆಯುವುದು ಬಹಳ ಕಷ್ಟ.

ಆಡಿಯೊ 48 ಕಿಲೊಹರ್ಟ್ಸ್, 24 ಬಿಟ್, ವೇವ್ ಫೈಲ್‌ನಲ್ಲಿರಲಿ. ಮೀಟರ್ ಮೇಲಿನ ಏರು ಮೈನಸ್ 12 ಡೆಸಿಬಲ್ ದಾಟದಂತೆ ನೋಡಿಕೊಳ್ಳಿ. ಮದ್ದಳೆಯ ಪೆಟ್ಟು ಇದ್ದಕ್ಕಿದ್ದಂತೆ ಏರುತ್ತದೆ. ಮೆಮೊರಿ ಲೆಕ್ಕವನ್ನು ಮನೆಯಲ್ಲೇ ಮಾಡಿ. ಸೆಕೆಂಡಿಗೆ 50 ಮೆಗಾಬಿಟ್ ವೇಗದಲ್ಲಿ ತೆಗೆದರೆ ಗಂಟೆಗೆ ಸುಮಾರು 22 ಜಿಬಿ ಬೇಕು. ಆರು ಗಂಟೆಯ ಆಟಕ್ಕೆ ಒಂದು ಕ್ಯಾಮೆರಾಕ್ಕೇ 135 ಜಿಬಿ.

ಹಂತ 4: ಗೊಂಬೆ ಮಾಡುವುದು

ಇಲ್ಲಿ ಆತುರ ಬೇಡ. ನನ್ನ ಮಟ್ಟಿಗೆ ಇಡೀ ದಾಖಲೆಯಲ್ಲಿ ಹೆಚ್ಚು ಬೆಲೆಯ ಭಾಗ ಇದು. ಆಟವನ್ನಾದರೂ ಮುಂದಿನ ವರ್ಷ ಯಾರೋ ಒಬ್ಬರು ಮೊಬೈಲಿನಲ್ಲಿ ಹಿಡಿಯುತ್ತಾರೆ. ಚರ್ಮ ಕೆರೆಯುವುದನ್ನು ಯಾರೂ ಹಿಡಿಯುವುದಿಲ್ಲ.

ಕೆಲಸ ಹೀಗೆ ಸಾಗುತ್ತದೆ. ಆಡಿನ ಚರ್ಮವನ್ನು ನೆನೆಸಿ, ಕೂದಲು ಮತ್ತು ಒಳಗಿನ ಮಾಂಸದ ಪದರ ಕೆರೆದು, ಬಿಗಿಯಾಗಿ ಎಳೆದು ಒಣಗಿಸುತ್ತಾರೆ. ಒಣಗಿದ ಮೇಲೆ ಅದು ಬೆಳಕು ಹಾಯುವಷ್ಟು ತೆಳ್ಳಗಾಗುತ್ತದೆ. ಮೇಲೆ ಆಕಾರ ಗೀರುತ್ತಾರೆ. ಉಳಿಗಳಿಂದ ಒಡವೆ, ಅಂಚು, ಸೀರೆಯ ಚಿತ್ತಾರಗಳನ್ನು ತೂತು ತೂತಾಗಿ ಕೊರೆಯುತ್ತಾರೆ. ಎರಡೂ ಬದಿಗೆ ಬಣ್ಣ ಹಾಕುತ್ತಾರೆ. ಕೈಕಾಲು ಕಟ್ಟುತ್ತಾರೆ. ಕೊನೆಗೆ ಸೀಳಿದ ಬಿದಿರ ಕಡ್ಡಿಯನ್ನು ಹಿಡಿಯಾಗಿ ಕಟ್ಟುತ್ತಾರೆ. ಮನೆಯಿಂದ ಮನೆಗೆ ಕ್ರಮದಲ್ಲಿ ವ್ಯತ್ಯಾಸ ಇರುತ್ತದೆ. ಪುಸ್ತಕದಲ್ಲಿ ಓದಿದ ಕ್ರಮಕ್ಕೆ ಅವರನ್ನು ಎಳೆಯಬೇಡಿ. ಅವರು ಹೇಗೆ ಮಾಡುತ್ತಾರೋ ಅದೇ ಸರಿ.

ಪ್ರತಿ ಹಂತಕ್ಕೂ ಮೂರು ಕೋನ ಬೇಕು. ಒಂದು ದೂರದ್ದು. ಕೂತ ಭಂಗಿ, ಸುತ್ತ ಹರಡಿದ ಸಾಮಾನು, ಬೆಳಕು ಎಲ್ಲಿಂದ ಬರುತ್ತಿದೆ ಅನ್ನುವುದು ಕಾಣಬೇಕು. ಎರಡನೆಯದು ಕೈಯ ಹತ್ತಿರದ್ದು. ಮೂರನೆಯದು ಅವರ ಭುಜದ ಹಿಂದಿನಿಂದ. ಮಾಡುವವರ ಕಣ್ಣಿಗೆ ಹೇಗೆ ಕಾಣುತ್ತದೋ ಹಾಗೆ. ಕಲಿಯುವವರಿಗೆ ಈ ಮೂರನೆಯದೇ ಬೇಕು. ಎದುರಿನಿಂದ ತೆಗೆದ ಚಿತ್ರದಲ್ಲಿ ಎಡಗೈ ಬಲಗೈ ತಿರುಗುಮುರುಗಾಗಿ ಕಲಿಯುವವರು ತಬ್ಬಿಬ್ಬಾಗುತ್ತಾರೆ. ಎರಡೇ ಕ್ಯಾಮೆರಾ ಇದ್ದರೆ ದೂರದ್ದನ್ನು ಸ್ವಲ್ಪ ಹೊತ್ತು ತೆಗೆದು, ಆಮೇಲೆ ಆ ಕ್ಯಾಮೆರಾವನ್ನು ಭುಜದ ಹಿಂದೆ ಇಡಿ.

ಉಳಿಯ ಕೆಲಸವನ್ನೇ ಹತ್ತಿರದಿಂದ ನೋಡೋಣ. ಚರ್ಮದ ಕೆಳಗೆ ಒಂದು ಮರದ ಹಲಗೆ ಇಟ್ಟಿರುತ್ತಾರೆ. ಎಡಗೈ ಬೆರಳುಗಳು ಉಳಿಯನ್ನು ನೆಟ್ಟಗೆ ಹಿಡಿದಿರುತ್ತವೆ. ಕಿರುಬೆರಳು ಚರ್ಮಕ್ಕೆ ತಾಗಿಕೊಂಡು ಜಾಗ ಅಳೆಯುತ್ತಿರುತ್ತದೆ. ಬಲಗೈ ಪೆಟ್ಟು ಒಂದೇ, ಚಿಕ್ಕದು. ಉಳಿ ಎತ್ತಿ, ಒಂದು ಎಳ್ಳುಕಾಳಿನಷ್ಟು ಸರಿಸಿ, ಮತ್ತೆ ಪೆಟ್ಟು. ಈ ಲಯ ಒಂದು ಸಾಲು ಮುಗಿಯುವವರೆಗೂ ತಪ್ಪುವುದಿಲ್ಲ. ಇದನ್ನು ಹತ್ತು ಸೆಕೆಂಡಿಗೆ ಕತ್ತರಿಸಿದರೆ ಲಯವೇ ಹೋಗುತ್ತದೆ. ಒಂದು ಪೂರ್ತಿ ಸಾಲು, ಶುರುವಿನಿಂದ ಕೊನೆಯವರೆಗೆ, ಕ್ಯಾಮೆರಾ ಅಲ್ಲಾಡಿಸದೆ ತೆಗೆಯಿರಿ. ಸದ್ದಿಗೂ ಮೈಕ್ ಹತ್ತಿರ ಇಡಿ. ಉಳಿ ಮೊಂಡಾದಾಗ ಪೆಟ್ಟಿನ ಸದ್ದು ಬದಲಾಗುತ್ತದೆ, ಆಗ ಅವರು ಕೈ ನಿಲ್ಲಿಸಿ ಉಳಿ ಮಸೆಯುತ್ತಾರೆ. ಆ ಮಸೆಯುವುದೂ ಕೆಲಸದ ಭಾಗ. ಕ್ಯಾಮೆರಾ ಆರಿಸಬೇಡಿ.

ಉಳಿಗಳನ್ನೆಲ್ಲ ಒಂದು ಬಿಳಿ ಬಟ್ಟೆಯ ಮೇಲೆ ಸಾಲಾಗಿ ಜೋಡಿಸಿ, ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೊ ತೆಗೆಯಿರಿ. ಒಂದೊಂದನ್ನೂ ಎತ್ತಿ ಹೆಸರು ಹೇಳಿ, ಯಾವ ತೂತಿಗೆ ಯಾವ ಉಳಿ ಅಂತ ತೋರಿಸಲು ಕೇಳಿಕೊಳ್ಳಿ. ಅಂಗಡಿಯಲ್ಲಿ ಕೊಂಡದ್ದೋ, ಕಮ್ಮಾರರ ಹತ್ತಿರ ಮಾಡಿಸಿದ್ದೋ, ತಾತನಿಂದ ಬಂದದ್ದೋ ಕೇಳಿ. ಬಣ್ಣಕ್ಕೂ ಹೀಗೆಯೇ. ಈಗ ಅಂಗಡಿಯ ಬಣ್ಣ ಬಳಸುವವರೇ ಜಾಸ್ತಿ. ಅದನ್ನು ಮುಚ್ಚಿಡಬೇಡಿ. ಡಬ್ಬಿಯ ಲೇಬಲ್ ಕಾಣುವ ಹಾಗೆ ತೆಗೆಯಿರಿ. ಹಳೆಯ ಬಣ್ಣ ಮಾಡುವ ವಿಧಾನ ನೆನಪಿದ್ದರೆ ಬೇರೆಯಾಗಿ ಮಾಡಿ ತೋರಿಸಲಿ. ಅದು ಕೇಳಿ ಮಾಡಿಸಿದ್ದು ಅಂತ ವಿಡಿಯೊದಲ್ಲೇ ಹೇಳಿ.

ಕಣ್ಣು ಕೊರೆಯುವುದು ಯಾವಾಗ, ಮೊದಲೋ ಕೊನೆಗೋ? ಆಗ ಪೂಜೆ ಏನಾದರೂ ಇದೆಯಾ? ಗೊಂಬೆಗಳನ್ನು ಪೆಟ್ಟಿಗೆಯಲ್ಲಿ ಯಾವ ಕ್ರಮದಲ್ಲಿ ಇಡುತ್ತಾರೆ? ಯಾವ ಗೊಂಬೆ ಯಾವುದರ ಜೊತೆ ಇರಬಾರದು? ಹರಿದುಹೋದ ಗೊಂಬೆಯನ್ನು ಏನು ಮಾಡುತ್ತಾರೆ? ಈ ಐದು ಪ್ರಶ್ನೆಗಳನ್ನು ಮರೆಯದೆ ಕೇಳಿ. ಉತ್ತರ ಮನೆಮನೆಗೆ ಬದಲಾಗುತ್ತದೆ, ಅದಕ್ಕೇ ಅವು ಬೇಕು.

ಹಂತ 5: ಕ್ಯಾಮೆರಾಕ್ಕೆ ಕಾಣದ್ದನ್ನು ಬಾಯಲ್ಲಿ ಹೇಳಿಸುವುದು

ಕಸುಬಿನ ಅರ್ಧ ಗುಟ್ಟು ಮೂಗು, ನಾಲಿಗೆ, ಬೆರಳ ತುದಿಯಲ್ಲಿರುತ್ತದೆ. ಕ್ಯಾಮೆರಾಕ್ಕೆ ಅದು ಸಿಗುವುದಿಲ್ಲ.

ಬೀದರಿನ ಬಿದ್ರಿ ಕೆಲಸದಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ಯುತ್ತಾರೆ. ಗೆರೆ ಕಾಣಲಿ ಅಂತ ಮೈಲುತುತ್ತದಿಂದ ಮೊದಲು ಕಪ್ಪಾಗಿಸುತ್ತಾರೆ, ಚಿತ್ತಾರ ಕೊರೆದು ಬೆಳ್ಳಿ ತಂತಿ ಬಡಿದು ಕೂರಿಸುತ್ತಾರೆ, ಉಜ್ಜುತ್ತಾರೆ. ಆಗ ಎಲ್ಲವೂ ಒಂದೇ ಬೂದು ಬಣ್ಣ. ಕೊನೆಗೆ ಸ್ವಲ್ಪ ಬಿಸಿ ಮಾಡಿ, ಹಳೆಯ ಕೋಟೆಯ ಮಣ್ಣು ಮತ್ತು ನವಸಾಗರ ಕಲಸಿದ ನೀರು ಹಚ್ಚಿ ಉಜ್ಜಿದರೆ ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಬಣ್ಣ ತಿರುಗುವುದು ಕಣ್ಣು ಮಿಟುಕಿಸುವಷ್ಟರಲ್ಲಿ. ಅದಕ್ಕೆ ಎರಡು ಕ್ಯಾಮೆರಾ ಮೊದಲೇ ಓಡುತ್ತಿರಬೇಕು. ಪಕ್ಕದಲ್ಲಿ ಬಿಳಿ ಬಟ್ಟೆ ಹಿಡಿದರೆ ಬೆಳ್ಳಿಯ ಹೊಳಪು ಕಣ್ಣಿಗೆ ಕುಕ್ಕುವುದಿಲ್ಲ. ಇಷ್ಟೆಲ್ಲ ಮಾಡಿದರೂ ಮುಖ್ಯವಾದದ್ದು ತಪ್ಪಿಹೋಗಬಹುದು: ಆ ಮಣ್ಣನ್ನು ಹೇಗೆ ಆರಿಸುತ್ತಾರೆ? ನಾಲಿಗೆಯ ಮೇಲಿಟ್ಟು ರುಚಿ ನೋಡಿ ಆರಿಸುವವರಿದ್ದಾರೆ. ಯಾವ ರುಚಿ? ಉಪ್ಪಾ, ಒಗರಾ? ಬಿಸಿ ಸಾಕು ಅಂತ ಹೇಗೆ ಗೊತ್ತಾಗುತ್ತದೆ? ಅದನ್ನು ಅವರು ಬಾಯಿಬಿಟ್ಟು ಹೇಳಿದರೆ ಮಾತ್ರ ದಾಖಲೆ ಪೂರ್ತಿ.

ಚನ್ನಪಟ್ಟಣದಲ್ಲಿ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿದಾಗ ತಿಕ್ಕಾಟದ ಬಿಸಿಗೇ ಅರಗು ಕರಗಿ ಹಿಡಿಯುತ್ತದೆ. ಎಷ್ಟು ಒತ್ತಬೇಕು ಅನ್ನುವುದು ಚಿತ್ರದಲ್ಲಿ ಕಾಣುವುದಿಲ್ಲ. ಕೇಳಲೇಬೇಕು.

ಕೇಳುವ ರೀತಿ ಮುಖ್ಯ. "ಇದರ ಮಹತ್ವ ಏನು?" ಅಂತ ಕೇಳಿದರೆ ಭಾಷಣ ಬರುತ್ತದೆ. "ಅಮ್ಮಾ, ಚರ್ಮ ಒಣಗ್ಯದ ಅಂತ ಹೆಂಗ ಗೊತ್ತಾಗ್ತೈತ್ರಿ?" ಅಂತ ಕೇಳಿ ನೋಡಿ. ಅವರು ಚರ್ಮವನ್ನು ಬೆರಳಿನಿಂದ ಮೀಟಿ, ಆ ಸದ್ದು ಕೇಳಿಸಿ ಹೇಳಬಹುದು. "ಹಿಂಗ ಮಾಡಲಿಲ್ಲಂದ್ರ ಏನಾಗ್ತೈತ್ರಿ?" ಅನ್ನುವುದು ಇನ್ನೂ ಒಳ್ಳೆಯ ಪ್ರಶ್ನೆ. ಕೆಟ್ಟುಹೋದ ಕೆಲಸದ ಮಾತಿನಲ್ಲಿ ಕಲಿಯುವವರಿಗೆ ಬೇಕಾದದ್ದು ಬೇಕಾದಷ್ಟು ಇರುತ್ತದೆ. ಕೇಳಿದ ಮೇಲೆ ಸುಮ್ಮನಿರಿ. ಅವರು ಯೋಚಿಸುವಾಗ ನಡುವೆ ಬಾಯಿ ಹಾಕಬೇಡಿ.

ಕೆಲಸ ಮಾಡುವಾಗಲೇ ಪ್ರಶ್ನೆ ಕೇಳಿದರೆ ಕೈ ನಿಂತುಬಿಡುತ್ತದೆ. ಅದಕ್ಕೆ ಮೊದಲು ಮಾತಿಲ್ಲದೆ ಪೂರ್ತಿ ತೆಗೆಯಿರಿ. ಸಂಜೆ ಅದೇ ವಿಡಿಯೊವನ್ನು ಅವರಿಗೆ ತೋರಿಸಿ, ನೋಡುತ್ತಾ ಅವರು ಹೇಳುವುದನ್ನು ರೆಕಾರ್ಡ್ ಮಾಡಿ. ಮನೆಯವರೆಲ್ಲ ಸೇರುತ್ತಾರೆ, ಒಬ್ಬರು ಬಿಟ್ಟದ್ದನ್ನು ಇನ್ನೊಬ್ಬರು ಹೇಳುತ್ತಾರೆ. ಇದಕ್ಕಿಂತ ಒಳ್ಳೆಯ ವಿವರಣೆ ಯಾವ ಸಂದರ್ಶನದಲ್ಲೂ ಸಿಗುವುದಿಲ್ಲ.

ಹಂತ 6: ಆಟದ ರಾತ್ರಿ

ಸಂಜೆ ಬೇಗ ಹೋಗಿ. ಪರದೆ ಕಟ್ಟುವುದು, ಬಲ್ಬು ನೇತುಹಾಕುವುದು, ಗೊಂಬೆಗಳನ್ನು ಆಟದ ಕ್ರಮದಲ್ಲಿ ಜೋಡಿಸಿಕೊಳ್ಳುವುದು, ಪೂಜೆ ಎಲ್ಲವನ್ನೂ ತೆಗೆಯಿರಿ. ಆಟ ಶುರುವಾದ ಮೇಲೆ ಗಣಪತಿ, ಸರಸ್ವತಿಯ ಗೊಂಬೆಗಳು ಮೊದಲು ಬರುತ್ತವೆ. ಆಮೇಲೆ ಹೆಂಡತಿ ಬಂಗಾರಕ್ಕನ ಜೊತೆ ಕಿಳ್ಳೇಕ್ಯಾತ ಬಂದು ನಗಿಸುತ್ತಾನೆ. ಈ ಹಾಸ್ಯದಲ್ಲಿ ಆ ಊರಿನ, ಆ ವರ್ಷದ ಸುದ್ದಿ ಇರುತ್ತದೆ. ಪೋಲಿ ಮಾತು ಬಂತು ಅಂತ ಕತ್ತರಿ ಹಾಕಬೇಡಿ. ಮೂಲ ಫೈಲ್‌ನಲ್ಲಿ ಅದು ಇರಲೇಬೇಕು.

ಮೊದಲ ಕ್ಯಾಮೆರಾ ಪ್ರೇಕ್ಷಕರ ಕಡೆ, ಪರದೆಯ ನಟ್ಟನಡುವಿಗೆ, ಅದೇ ಎತ್ತರದಲ್ಲಿ. ಸುತ್ತ ಕತ್ತಲಿರುವುದರಿಂದ ಆಟೊ ಎಕ್ಸ್‌ಪೋಷರ್ ಪರದೆಯನ್ನು ಬೆಳ್ಳಗೆ ಸುಟ್ಟುಬಿಡುತ್ತದೆ. ಪರದೆಯನ್ನು ಫ್ರೇಮ್ ತುಂಬ ಹಿಡಿದು, ಗೊಂಬೆಯ ಕೆಂಪು ಹಸಿರು ಸರಿಯಾಗಿ ಕಾಣುವವರೆಗೆ ಬೆಳಕು ಇಳಿಸಿ, ಅಲ್ಲಿಗೇ ಲಾಕ್ ಮಾಡಿ. ಬಲ್ಬಿನ ಹತ್ತಿರದ ಜಾಗ ಸ್ವಲ್ಪ ಬೆಳ್ಳಗಾದರೂ ಪರವಾಗಿಲ್ಲ. ವೈಟ್ ಬ್ಯಾಲೆನ್ಸ್ ಹಳದಿ ಬಲ್ಬಿಗೆ 3200 ಕೆಲ್ವಿನ್, ಬಿಳಿ ಎಲ್‌ಇಡಿಗೆ 5600ರ ಆಸುಪಾಸು. ಫೋಕಸ್ ಪರದೆಯ ಬಟ್ಟೆಗೆ ಲಾಕ್. ಇಲ್ಲದಿದ್ದರೆ ಗೊಂಬೆ ಬಂದು ಹೋದಾಗಲೆಲ್ಲ ಕ್ಯಾಮೆರಾ ಫೋಕಸ್ ಹುಡುಕುತ್ತಾ ಒದ್ದಾಡುತ್ತದೆ. ಅಗ್ಗದ ಎಲ್‌ಇಡಿ ಬಲ್ಬು 1/50ಕ್ಕೂ ಮಿಣುಕಿದರೆ 1/100 ಇಟ್ಟು ನೋಡಿ. ಆಗಲೂ ಸರಿಹೋಗದಿದ್ದರೆ ಬಲ್ಬು ಬದಲಿಸಲು ಕೇಳಿಕೊಳ್ಳಿ. ಒಂದು ದೃಶ್ಯಕ್ಕಾದರೂ ಹಳೆಯ ಹರಳೆಣ್ಣೆ ದೀಪ ಹಚ್ಚಲು ಅವರು ಒಪ್ಪಿದರೆ ಅದನ್ನು ಬೇರೆ ದಿನ ಮಾಡಿ. ಆಟದ ಮಧ್ಯೆ ಬೇಡ.

ಎರಡನೆಯ ಕ್ಯಾಮೆರಾ ಪರದೆಯ ಹಿಂದೆ. ನಿಜವಾದ ಆಟ ನಡೆಯುವುದು ಅಲ್ಲಿ. ಒಬ್ಬರು ಎರಡು ಗೊಂಬೆ ಹಿಡಿದು ಎರಡು ದನಿಯಲ್ಲಿ ಮಾತಾಡುತ್ತಿರುತ್ತಾರೆ. ಕಾಲು ಹಲಗೆಯ ಮೇಲೆ ತಾಳ ಬಡಿಯುತ್ತಿರುತ್ತದೆ. ಪಕ್ಕದವರು ಮುಂದಿನ ಗೊಂಬೆಯನ್ನು ಕೇಳದೆಯೇ ಕೈಗೆ ಕೊಡುತ್ತಾರೆ. ಕ್ಯಾಮೆರಾ ಒಂದು ಬದಿಗೆ, ತಗ್ಗಿನಲ್ಲಿರಲಿ. ನಿಮ್ಮ ನೆರಳು ಪರದೆಗೆ ಬೀಳಬಾರದು. ಮೊಬೈಲಿನ ಪರದೆಯ ಬೆಳಕನ್ನು ಪೂರ್ತಿ ಇಳಿಸಿ. ಬೇರೆ ಲೈಟ್ ಹಾಕಲೇಬೇಡಿ. ಚಿತ್ರದಲ್ಲಿ ಸ್ವಲ್ಪ ಮರಳಿನಂಥ ಚುಕ್ಕೆ ಬಂದರೂ ಇರಲಿ. ಕಾಲುಗಳು ಫ್ರೇಮಿನಲ್ಲಿರಬೇಕು. ಕೈ ಮುಖಗಳನ್ನೇ ತೆಗೆದು ಕಾಲನ್ನು ಬಿಡುವವರೇ ಜಾಸ್ತಿ.

ಎರಡೂ ಕ್ಯಾಮೆರಾಗಳನ್ನು ಒಟ್ಟಿಗೆ ನಿಲ್ಲಿಸಬೇಡಿ. ಒಂದರ ಬ್ಯಾಟರಿ ಬದಲಿಸುವಾಗ ಇನ್ನೊಂದು ಓಡುತ್ತಿರಲಿ. ಕೆಲವು ಕ್ಯಾಮೆರಾಗಳು ಅರ್ಧ ಗಂಟೆಗೆ ತಾನಾಗಿ ನಿಲ್ಲುತ್ತವೆ, ಮೊಬೈಲ್ ಬಿಸಿಯಾಗಿ ಆಫ್ ಆಗುತ್ತದೆ. ಆಡಿಯೊ ರೆಕಾರ್ಡರ್ ಹಾಡುವವರ ಹತ್ತಿರ ಇಡಿ, ಲೌಡ್‌ಸ್ಪೀಕರಿನ ಮುಂದೆ ಬೇಡ. ಅದು ರಾತ್ರಿಯಿಡೀ ನಿಲ್ಲದೆ ಓಡಲಿ. ಚಿತ್ರದಲ್ಲಿ ಎಲ್ಲಾದರೂ ತುಂಡು ಬಿದ್ದರೆ ಆ ಧ್ವನಿಯೇ ಅದನ್ನು ಜೋಡಿಸುತ್ತದೆ. ಶುರುವಿನಲ್ಲಿ ಎಲ್ಲ ಕ್ಯಾಮೆರಾಗಳ ಎದುರು ಒಂದು ಚಪ್ಪಾಳೆ ತಟ್ಟಿ. ಆಮೇಲೆ ಧ್ವನಿ, ಚಿತ್ರ ಹೊಂದಿಸಲು ಅದು ಸಾಕು.

ಬೆಳಗ್ಗೆ ಎಲ್ಲರೂ ನಿದ್ದೆ ಮಾಡಿ ಎದ್ದ ಮೇಲೆ ಎರಡು ಕೆಲಸ ಬಾಕಿ ಇರುತ್ತವೆ. ಒಂದು ದೃಶ್ಯವನ್ನು ಹಗಲಿನಲ್ಲಿ, ನಿಧಾನವಾಗಿ, ಹಿಂದಿನಿಂದ ಕೈ ಸರಿಯಾಗಿ ಕಾಣುವಂತೆ ಆಡಿಸಿ ತೋರಿಸಲು ಕೇಳಿ. ಮತ್ತೆ, ಕಥೆಯನ್ನು ವಾದ್ಯ ಇಲ್ಲದೆ ಕೂತು ಹೇಳಿಸಿ. ಎರಡನೆಯದು ಯಾಕೆ ಅಂತೀರಾ? 1990ರಲ್ಲಿ ಫಿನ್‌ಲೆಂಡಿನ ಜಾನಪದ ವಿದ್ವಾಂಸ ಲೌರಿ ಹೊಂಕೊ, ನಮ್ಮ ವಿವೇಕ ರೈ ಮತ್ತು ಚಿನ್ನಪ್ಪ ಗೌಡರು ಸೇರಿ ಹಾಡುಗಾರ ಗೋಪಾಲ ನಾಯ್ಕರಿಂದ ತುಳುವಿನ ಸಿರಿ ಪಾಡ್ದನವನ್ನು (ಹಾಡುಗತೆಯನ್ನು) ಹೀಗೆಯೇ ಕೂರಿಸಿ ಹೇಳಿಸಿದರು. 15,683 ಸಾಲು ಬಂತು. ಅದೇ ಸಿರಿಯ ಕಥೆ ಗದ್ದೆಯಲ್ಲಿ ನೇಜಿ (ಭತ್ತದ ಸಸಿ) ನೆಡುವಾಗ ಬೇರೆ ಥರ ಬರುತ್ತದೆ, ಸಿರಿ ಜಾತ್ರೆಯಲ್ಲಿ ಬೇರೆ ಥರ. ಯಾವುದೂ ಸುಳ್ಳಲ್ಲ. ಯಾವುದು ಎಲ್ಲಿ, ಯಾರ ಮುಂದೆ, ಯಾಕೆ ಹಾಡಿದ್ದು ಅನ್ನುವುದನ್ನು ಬರೆದಿಡದೆ ಬೆರೆಸಿದರೆ ದಾಖಲೆ ಕೆಡುತ್ತದೆ.

ಕ್ಯಾಮೆರಾ ಕೆಳಗಿಡಬೇಕಾದ ಜಾಗಗಳೂ ಇವೆ. ತುಳುನಾಡಿನ ಎಷ್ಟೋ ದೈವಸ್ಥಾನಗಳಲ್ಲಿ ಚಿತ್ರೀಕರಣಕ್ಕೆ ಒಪ್ಪುವುದಿಲ್ಲ. ದೂರದಿಂದ ಜೂಮ್ ಹಾಕಿ ಕದ್ದು ತೆಗೆಯುವುದು ಬೇಡ. ಮೈದುಂಬಿದ ಹೆಂಗಸರ ಮುಖವನ್ನು ಅವರಿಗೆ ಎಚ್ಚರ ಬಂದ ಮೇಲೆ ಒಪ್ಪಿಗೆ ಕೇಳದೆ ಯಾರಿಗೂ ತೋರಿಸಬೇಡಿ. ತೆಗೆಯಲು ಬಿಡದ ಭಾಗವನ್ನು ನೋಟ್‌ಬುಕ್‌ನಲ್ಲಿ ಬರೆಯಬಹುದಾ ಅಂತ ಕೇಳಿ. ಅದಕ್ಕೂ ಬೇಡ ಅಂದರೆ ಅಲ್ಲಿಗೆ ಬಿಡಿ.

ಹಂತ 7: ಅದೇ ದಿನ ಮಾಡಬೇಕಾದ ಕೆಲಸ

ಎಷ್ಟೇ ಸುಸ್ತಾಗಿದ್ದರೂ ಮಲಗುವ ಮುಂಚೆ ಫೈಲ್‌ಗಳನ್ನು ಎರಡು ಬೇರೆ ಬೇರೆ ಡಿಸ್ಕಿಗೆ ನಕಲು ಮಾಡಿ. ನಕಲು ತೆರೆದು ಓಡಿಸಿ ನೋಡುವವರೆಗೂ ಕಾರ್ಡ್ ಅಳಿಸಬೇಡಿ. ಫೈಲ್ ಹೆಸರಿನಲ್ಲಿ ಮೊದಲು ವರ್ಷ, ತಿಂಗಳು, ದಿನ, ಆಮೇಲೆ ಊರು, ಕೆಲಸ, ಕ್ಯಾಮೆರಾ ಸಂಖ್ಯೆ ಇರಲಿ. ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ, ಜಾಗ ಬಿಡದೆ ಬರೆಯಿರಿ. ಹಳೆಯ ಸಾಫ್ಟ್‌ವೇರ್‌ಗಳು ಕನ್ನಡದ ಹೆಸರಿಗೆ ತಕರಾರು ಮಾಡುವುದುಂಟು.

ಜೊತೆಗೆ ಒಂದು ಸ್ಪ್ರೆಡ್‌ಶೀಟ್. ಅದು ಕನ್ನಡದಲ್ಲೇ ಇರಲಿ. ಯಾವ ಫೈಲ್‌ನಲ್ಲಿ ಎಷ್ಟನೇ ನಿಮಿಷಕ್ಕೆ ಏನಿದೆ, ಯಾರು ಯಾರು ಕಾಣುತ್ತಾರೆ, ಯಾರು ಹಾಡಿದರು, ಯಾವ ವಾದ್ಯ, ಸಹಜವಾಗಿ ನಡೆದದ್ದೋ ನಾವು ಕೇಳಿ ಮಾಡಿಸಿದ್ದೋ, ಒಪ್ಪಿಗೆ ಎಲ್ಲಿಯವರೆಗೆ. ಮಾರನೇ ವಾರ ಬರೆಯೋಣ ಅಂತ ಬಿಟ್ಟರೆ ಮುಖ ನೆನಪಿರುತ್ತದೆ, ಹೆಸರು ಮರೆತುಹೋಗಿರುತ್ತದೆ.

ಪದಗಳನ್ನು ಬರೆಯುವಾಗ ತಿದ್ದಬೇಡಿ. ಅವರು "ಹ"ಕಾರ ಬಿಟ್ಟು ಹಾಡಿದ್ದರೆ ಹಾಗೇ ಬರೆಯಿರಿ. ಅರ್ಥವಾಗದ ಮಾತಿಗೆ ಗುರುತು ಹಾಕಿ, ಫೋನ್ ಮಾಡಿ ಅವರನ್ನೇ ಕೇಳಿ. ಊಹೆಯಿಂದ ತುಂಬಬೇಡಿ.

ಹಂತ 8: ಹಿಂದಿರುಗಿಸುವುದು ಮತ್ತು ಕಾಪಾಡುವುದು

ಎಡಿಟ್ ಮಾಡಿದ ಮೊದಲ ಪ್ರತಿಯನ್ನು ಅವರ ಮನೆಯಲ್ಲೇ ತೋರಿಸಿ. ಪ್ರೊಜೆಕ್ಟರ್ ಸಿಕ್ಕರೆ ಓಣಿಯಲ್ಲಿ, ಇಲ್ಲದಿದ್ದರೆ ಟಿವಿಯಲ್ಲಿ. ಹೆಸರು ತಪ್ಪಿದ್ದು, ಕ್ರಮ ತಪ್ಪಿದ್ದು, ತೋರಿಸಬಾರದ್ದು ತೋರಿಸಿದ್ದು ಅಲ್ಲೇ ಗೊತ್ತಾಗುತ್ತದೆ. ಅವರು ತೆಗೆಯಿರಿ ಅಂದದ್ದನ್ನು ತೆಗೆಯಿರಿ. ಪೆನ್‌ಡ್ರೈವ್‌ನಲ್ಲಿ ಒಂದು ಪ್ರತಿ, ಮೊಬೈಲಿನಲ್ಲಿ ಓಡುವ ಚಿಕ್ಕ ಫೈಲ್‌ಗಳು ಒಂದಿಷ್ಟು, ಒಳ್ಳೆಯ ಫೋಟೊಗಳ ಪ್ರಿಂಟ್ ಕೊಟ್ಟು ಬನ್ನಿ. ಆಟದ ಕರೆ ಬಂದಾಗ ತೋರಿಸಲು ಅವರಿಗೂ ವಿಡಿಯೊ ಬೇಕಾಗುತ್ತದೆ. ಅದಕ್ಕೇ ಬೇರೆಯಾಗಿ ಐದು ನಿಮಿಷದ್ದೊಂದು ಮಾಡಿಕೊಟ್ಟರೆ ಇನ್ನೂ ಒಳ್ಳೆಯದು. ಅವರ ಫೋನ್ ನಂಬರ್ ಅದರಲ್ಲಿ ಹಾಕಬೇಕೇ ಬೇಡವೇ ಅಂತ ಅವರೇ ಹೇಳಲಿ.

ಕತ್ತರಿಸದ ಮೂಲ ಫೈಲ್‌ಗಳು, ಸ್ಪ್ರೆಡ್‌ಶೀಟ್, ಒಪ್ಪಿಗೆ ಪತ್ರದ ನಕಲು ಮೂರನ್ನೂ ಒಟ್ಟಿಗೆ ಒಂದು ಸಂಸ್ಥೆಗೆ ಕೊಡಿ. ಜಾನಪದ ವಿಶ್ವವಿದ್ಯಾಲಯ, ಜಾನಪದ ಲೋಕ, ಬೆಂಗಳೂರಿನಲ್ಲಿರುವ ಇಂದಿರಾ ಗಾಂಧಿ ರಾಷ್ಟ್ರೀಯ ಕಲಾ ಕೇಂದ್ರದ ಪ್ರಾದೇಶಿಕ ಕೇಂದ್ರ ಇಂಥ ಕಡೆ ಕೇಳಿ ನೋಡಿ. ಕೊಡುವಾಗ ಒಪ್ಪಿಗೆಯ ಷರತ್ತುಗಳನ್ನು ಬರಹದಲ್ಲೇ ಕೊಡಿ.

ಯಾರು ಬೇಕಾದರೂ ಬಳಸಬಹುದಾದ ಫೋಟೊ, ವಿಡಿಯೊಗಳ ಆನ್‌ಲೈನ್ ಭಂಡಾರವಾದ ವಿಕಿಮೀಡಿಯ ಕಾಮನ್ಸ್‌ಗೆ ಹಾಕುವ ಮನಸ್ಸಿದ್ದರೆ ಎರಡು ವಿಷಯ ತಿಳಿದಿರಲಿ. ಅಲ್ಲಿ ಎಂಪಿ4 ಹೋಗುವುದಿಲ್ಲ, ವೆಬ್‌ಎಂಗೆ ಬದಲಿಸಬೇಕು. ಮತ್ತೆ, ಅಲ್ಲಿಯ ಪರವಾನಗಿಯಲ್ಲಿ ಹೆಸರು ಹಾಕಿ ಯಾರು ಬೇಕಾದರೂ, ದುಡ್ಡು ಮಾಡುವುದಕ್ಕೂ, ಬಳಸಬಹುದು. ಇದನ್ನು ಕಲಾವಿದರಿಗೆ ಬಿಡಿಸಿ ಹೇಳಿ, ಅವರು ಒಪ್ಪಿದ ತುಣುಕನ್ನು ಮಾತ್ರ ಹಾಕಿ. ಉಳಿ ಹಿಡಿಯುವ ಒಂದು ನಿಮಿಷದ ತುಣುಕು, ಉಪಕರಣಗಳ ಫೋಟೊ ಕನ್ನಡ ವಿಕಿಪೀಡಿಯದ ಲೇಖನಕ್ಕೆ ಸೇರಿದರೂ ದೊಡ್ಡ ಉಪಕಾರ.

ನಿಮ್ಮ ಹತ್ತಿರ ಮೂರು ಪ್ರತಿ ಇರಲಿ. ಎರಡು ಬೇರೆ ಥರದ ಸಾಧನಗಳಲ್ಲಿ, ಒಂದು ಬೇರೆ ಊರಿನಲ್ಲಿ. ಹಾರ್ಡ್ ಡಿಸ್ಕನ್ನು ಬೀರುವಿನಲ್ಲಿಟ್ಟು ಮರೆತರೆ ಒಂದು ದಿನ ಅದು ತೆರೆಯುವುದೇ ಇಲ್ಲ. ವರ್ಷಕ್ಕೊಮ್ಮೆ ಎಲ್ಲ ಡಿಸ್ಕ್ ಹಾಕಿ ಫೈಲ್ ಓಡಿಸಿ ನೋಡಿ. ಐದು ವರ್ಷಕ್ಕೊಮ್ಮೆಯಾದರೂ ಹೊಸ ಡಿಸ್ಕಿಗೆ ವರ್ಗಾಯಿಸಿ. ಯಾವ ಡಿಸ್ಕ್ ಎಲ್ಲಿದೆ, ಯಾರ ಹತ್ತಿರ ಇದೆ, ಕೊನೆಯ ಸಲ ಯಾವಾಗ ಓಡಿಸಿದ್ದು ಅಂತ ಒಂದು ಚೀಟಿ ಬರೆದು ಡಿಸ್ಕಿನ ಡಬ್ಬಿಗೆ ಅಂಟಿಸಿ. ಅದರ ಒಂದು ನಕಲನ್ನು ಕಲಾವಿದರ ಮನೆಗೂ ಕಳಿಸಿ.